ನನ್ನ ಬೆನ್ನು ಮತ್ತು ಮೂರು ಫೋನುಗಳು

ತಾನು ಧೈರ್ಯವಂತ ಎಂದು ಹೇಳಿಕೊಳ್ಳುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ತಾನು ಅಂಜುಬುರುಕ ಎಂದು ಬಾಯಿಬಿಟ್ಟು ಹೇಳುವವನು ಇಡೀ ತಾಲೂಕಿಗೆ ಒಬ್ಬ ಸಿಕ್ಕರೆ ಹೆಚ್ಚು. ಬೈಲಹೊಂಗಲ ತಾಲೂಕಿನ ಮಟ್ಟಿಗೆ ಆ ಒಬ್ಬ ನಾನೇ ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಪೇಟೆಯಲ್ಲಿ ಮೂವತ್ತು ವರ್ಷದಿಂದ ಇಳಕಲ್ ಸೀರೆ ಮತ್ತು ರವಿಕೆಯ ಖಣದ ಅಂಗಡಿ ಇಟ್ಟುಕೊಂಡು, ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿ ಕೂತ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಮೀಸೆಯೂ ಸ್ವಲ್ಪ ದಪ್ಪವೇ ಇದೆ. ಆದರೆ ಆ ಮೀಸೆಯ ಹಿಂದಿನ ಮನುಷ್ಯ ಎಂಥವನೆಂಬುದು ನನ್ನ ಹೆಂಡತಿ ಮಹಾದೇವಿಗೆ ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿ ಹೋಗಿತ್ತು.

ನನಗೆ ಕಳ್ಳರ ಅಂಜಿಕೆಯಿಲ್ಲ, ದೆವ್ವದ ಅಂಜಿಕೆಯೂ ಇಲ್ಲ. ನನಗಿರುವುದು ನನ್ನ ಮೈಯ ಅಂಜಿಕೆ. ಎಡಗೈ ಜೋಮು ಹಿಡಿದರೆ ಹೃದಯವೇ ನಿಂತಿತು ಎಂದುಕೊಳ್ಳುತ್ತೇನೆ. ತಲೆ ಸಿಡಿದರೆ ಒಳಗೆ ಏನೋ ಬೆಳೆಯುತ್ತಿದೆ ಎಂದುಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ರಾಮದುರ್ಗದಲ್ಲಿ ನೆಂಟರ ಮದುವೆ ಉಂಡು ಬಂದ ಮರುದಿನ ಮುಂಜಾನೆ, ಕಾಣಬಾರದ ಕಡೆ ಕೆಂಪು ಕಂಡು, ಅಂಗಿಯ ಗುಂಡಿ ಕೂಡ ಹಾಕದೆ ದವಾಖಾನೆಗೆ ಓಡಿದ್ದೆ. ಡಾಕ್ಟರು ನಿನ್ನೆ ಏನು ಉಂಡಿರಿ ಎಂದು ಕೇಳಿದರು. ನಾನು ಹೋಳಿಗೆಯಿಂದ ಶುರುಮಾಡಿ ಒಂದೊಂದೇ ಹೇಳುತ್ತ ಬೀಟ್‌ರೂಟ್ ಪಲ್ಯಕ್ಕೆ ಬಂದಾಗ ಅವರು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. ಆ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡಿದ್ದೆ ಎಂಬುದನ್ನು ನಾನು ಹೇಳಲಿಲ್ಲ. ಮಹಾದೇವಿ ದವಾಖಾನೆಯಲ್ಲಿ ಗಂಭೀರವಾಗಿಯೇ ಇದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಕ್ಕಳು. ಹೊರಗೆ ಕೂತ ನನಗೆ ಪಾತ್ರೆಗಳ ಸದ್ದಿನ ನಡುವೆಯೂ ಅದು ಕೇಳಿಸಿತು.

ಈ ಸಲದ ಗಂಡಾಂತರ ಶುರುವಾದದ್ದು ದೀಪಾವಳಿಯ ಎಣ್ಣೆ ನೀರಿನ ದಿನ. ಮಹಾದೇವಿ ನನ್ನ ಬೆನ್ನಿಗೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದವಳು ಒಂದು ಕಡೆ ಕೈ ನಿಲ್ಲಿಸಿದಳು. ಮತ್ತೆ ತಿಕ್ಕಿದಳು. ಮತ್ತೆ ನಿಲ್ಲಿಸಿದಳು.

“ರೀ, ಬೆನ್ನ ಮ್ಯಾಲೆ ಇದೇನ್ರಿ?”

“ಏನು?”

“ಏನೋ ಅಂಟಿದಂಗ ಐತಿ. ಹೋಗವಲ್ದು.”

“ಎಷ್ಟ ದೊಡ್ಡದೈತಿ?”

“ಹುರಳಿಕಾಳಿಗಿಂತ ದೊಡ್ಡದು, ಅವರಿಕಾಳಿಗಿಂತ ಸಣ್ಣದು.”

“ನಿನ್ನಿಗಿಂತ ದೊಡ್ಡದಾಗೇತೇನು?”

“ನಿನ್ನಿ ಯಾರ ನೋಡ್ಯಾರ? ಏನೂ ಇಲ್ಲ ಬಿಡ್ರಿ,” ಎಂದು ಅವಳು ಒಂದು ತಂಬಿಗೆ ಬಿಸಿನೀರು ಸುರಿದಳು.

ಬೇರೆ ಯಾರಿಗಾದರೂ ಇದು ಸಮಾಧಾನದ ಉತ್ತರವೇ. ನಿನ್ನೆ ಯಾರೂ ನೋಡಿಲ್ಲ, ಮೊನ್ನೆಯೂ ನೋಡಿಲ್ಲ, ಅದು ಹತ್ತು ವರ್ಷದಿಂದ ಅಲ್ಲೇ ಕೂತಿರಬಹುದು. ನನ್ನ ತಲೆ ಮಾತ್ರ ಬೇರೆ ದಾರಿ ಹಿಡಿಯಿತು. ನಿನ್ನೆ ಯಾರೂ ನೋಡಿಲ್ಲ ಎಂದರೆ ನಿನ್ನೆ ಅದು ಇರಲೇ ಇಲ್ಲ ಎಂದೂ ಆಗಬಹುದು. ಒಂದೇ ದಿನದಲ್ಲಿ ಹುರಳಿಕಾಳನ್ನು ದಾಟಿದ್ದು ನಾಳೆಗೆ ಅವರೆಕಾಳು, ನಾಡಿದ್ದಿಗೆ ಅಡಿಕೆ, ಎರಡು ವಾರಕ್ಕೆ ಬರುವ ಗೌರಿ ಹುಣ್ಣಿಮೆಗೆ ಇನ್ನೇನೋ. ಹಬ್ಬದ ಕರಿಗಡುಬು ಆ ದಿನ ನನಗೆ ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕು ತಿಂದೆ, ಅಷ್ಟೇ.

ದೇವರು ಮನುಷ್ಯನಿಗೆ ಬೆನ್ನು ಕೊಟ್ಟ. ಅದನ್ನು ನೋಡಿಕೊಳ್ಳುವ ಸೌಕರ್ಯ ಕೊಡಲಿಲ್ಲ. ಅಂಜುಬುರುಕರ ಬಗ್ಗೆ ಅವನು ಸ್ವಲ್ಪ ವಿಚಾರ ಮಾಡಬೇಕಿತ್ತು. ಕಪಾಟಿನ ಕನ್ನಡಿಗೆ ಬೆನ್ನು ಮಾಡಿ, ಕೈಯಲ್ಲಿ ಕ್ಷೌರದ ಕನ್ನಡಿ ಹಿಡಿದು ನೋಡಲು ಹೋದೆ. ಕಂಡದ್ದು ಗೋಡೆಯ ಕ್ಯಾಲೆಂಡರು. ಇನ್ನೂ ಸ್ವಲ್ಪ ಕತ್ತು ತಿರುಗಿಸಿದೆ. ಕತ್ತು ಅಲ್ಲೇ ಹಿಡಿಯಿತು. ಎರಡು ದಿನ ನಾನು ಗಿರಾಕಿಗಳನ್ನೆಲ್ಲ ಓರೆಯಾಗಿ ನೋಡುತ್ತ ಕೂತಿದ್ದೆ. ಕೊನೆಗೆ ದಾರಿ ತೋರಿಸಿದವಳು ಸೊಸೆ ಅಶ್ವಿನಿ. “ಮಾವಾರ, ಫೋಟೋ ಹೊಡದ್ರ ಆತಲ್ರಿ,” ಎಂದಳು. ಮಾವನ ಬೆನ್ನಿನ ಚಿತ್ರ ತೆಗೆಯಲು ಅವಳಿಗೆ ಸಂಕೋಚ. ಹಾಗಾಗಿ ತನ್ನ ಫೋನನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು.

ಪರಊರಿನ ನೌಕರಿಯಲ್ಲಿರುವ ಮಗನದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಮೂರು ಫೋನುಗಳಿವೆ. ಒಂದು ಅಶ್ವಿನಿಯದು, ತೆಳ್ಳಗಿನದು, ಹಿಂದುಗಡೆ ಮೂರು ಕಣ್ಣಿನದು. ಎರಡನೆಯದು ನನ್ನದು, ಎರಡು ಕಣ್ಣಿನದು. ಮೂರನೆಯದು ಮಹಾದೇವಿಯದು, ಒಂದೇ ಕಣ್ಣು, ಗಾಜು ಸೀಳಿದೆ, ಅದಕ್ಕೆ ಅವಳು ಸಾರಿನ ಪುಡಿ ಕುಟ್ಟುವಾಗಲೆಲ್ಲ ಸೆರಗಿನಿಂದ ಒಂದು ಒರೆತ ಕೊಡುತ್ತಾಳೆ. ಒಂದರ ಮೇಲೆ ವಿಶ್ವಾಸವಿಡುವ ಸ್ವಭಾವ ನನ್ನದಲ್ಲ. ಮೂರರಿಂದಲೂ ತೆಗೆಸಿದೆ. ಮೂರನ್ನೂ ಮಂಚದ ಮೇಲೆ ಸಾಲಾಗಿ ಇಟ್ಟು ನೋಡಿದೆ.

ಅಶ್ವಿನಿಯ ಫೋನಿನಲ್ಲಿ ಮಚ್ಚೆಯೇ ಇರಲಿಲ್ಲ. ಅಷ್ಟೇ ಅಲ್ಲ, ನನ್ನ ಬೆನ್ನಿನ ಕೂದಲು, ನೆರಿಗೆ, ಚಿಕ್ಕಂದಿನಲ್ಲಿ ತೋಟದ ಬೇಲಿ ಹರಿದ ಕಲೆ, ಯಾವುದೂ ಇರಲಿಲ್ಲ. ಅದು ಯಾರೋ ಹೊಸ ಮದುಮಗನ ಬೆನ್ನು. ನನ್ನ ಫೋನಿನಲ್ಲಿ ಮಚ್ಚೆ ಇತ್ತು, ಕೆಂಪಗೆ, ಸುತ್ತಲೂ ಇನ್ನೊಂದು ಕೆಂಪು ಬಳೆ ಹಾಕಿಕೊಂಡು ಇತ್ತು. ಮಹಾದೇವಿಯ ಫೋನಿನಲ್ಲಿ ಅದು ಕಂದು ಬಣ್ಣಕ್ಕಿತ್ತು, ಅಂಚು ಸ್ವಲ್ಪ ಮಸುಕಾಗಿ, ಇನ್ನೂ ಹರಡುವ ವಿಚಾರದಲ್ಲಿ ಇದ್ದಂತೆ ಇತ್ತು. ಸೊಸೆಯ ಫೋನು ನೋಡಿದಾಗ ಬದುಕಿದೆ. ನನ್ನದನ್ನು ನೋಡಿದಾಗ ಹಾಸಿಗೆ ಹಿಡಿದೆ. ಹೆಂಡತಿಯದನ್ನು ನೋಡಿದಾಗ ಮನೆಯವರು ಬಂಧುಗಳಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಒಂದೇ ಬೆನ್ನು, ಒಂದೇ ನಿಮಿಷ, ಮೂರು ಭವಿಷ್ಯ.

ಅಂಜಿಕೆಯನ್ನು ಒಬ್ಬನೇ ಹೊರುವುದು ಕಷ್ಟ. ಅಂಗಡಿಯಲ್ಲಿ ನನ್ನ ಜೊತೆ ಮೊದಲಿನಿಂದಲೂ ಇರುವ ಈರಪ್ಪನಿಗೆ ತೋರಿಸಿದೆ. ಅವನು ನನಗಿಂತ ಎರಡು ವರ್ಷ ಹಿರಿಯ, ಸವದತ್ತಿ ಕಡೆಯವನು. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ನಮ್ಮ ಸೋದರಮಾವಗ ಥೇಟ್ ಹಿಂಗ ಇತ್ರಿ ಸಾವಕಾರ್ರ.”

“ಮುಂದ?”

“ಭಾಳ ಚೊಲೋ ಮನಷ್ಯಾ ಇದ್ದಾರಿ.”

“ಇದ್ದಾ ಅಂದ್ರ?”

“ಈಗ ಇಲ್ರಿ,” ಎಂದು ಈರಪ್ಪ ನಿಟ್ಟುಸಿರು ಬಿಟ್ಟು ಗಿರಾಕಿಗೆ ಸೀರೆ ಬಿಚ್ಚಿ ತೋರಿಸಲು ಹೋದ.

ಆ ಇಡೀ ದಿನ ನಾನು ಸೀರೆ ಮಾರಿದೆನೋ ಸುಮ್ಮನೆ ಕೊಟ್ಟು ಕಳಿಸಿದೆನೋ ನನಗೆ ನೆನಪಿಲ್ಲ. ಸಂಜೆ ಅಂಗಡಿ ಕಟ್ಟುವಾಗ ಮಾವ ಹೇಗೆ ತೀರಿಕೊಂಡ ಎಂದು ಕೇಳಿದೆ. ತೊಂಬತ್ತು ದಾಟಿತ್ತಂತೆ. ಎಮ್ಮೆ ಹಾದಿತ್ತಂತೆ. ಇದನ್ನು ಮುಂಜಾನೆಯೇ ಹೇಳಿದ್ದರೆ ಈರಪ್ಪನ ಗಂಟೇನು ಹೋಗುತ್ತಿತ್ತೋ ಗೊತ್ತಿಲ್ಲ.

ಇನ್ನು ಮೂರು ಫೋನುಗಳಲ್ಲಿ ಖರೆ ಹೇಳುವುದು ಯಾವುದು ಎಂಬ ಪ್ರಶ್ನೆ. ಇದರಲ್ಲಿ ನನಗೆ ಅನುಭವವಿದೆ ಎಂದು ಹೇಳಿದರೆ ಜಂಬ ಎಂದುಕೊಳ್ಳಬೇಡಿ. ಈಗ ಗಿರಾಕಿಗಳು ಮೊದಲಿನ ಹಾಗೆ ಸೀರೆ ಹಿಡಿದುಕೊಂಡು ಅಂಗಡಿಗೆ ಬರುವುದಿಲ್ಲ. ಮನೆಯಲ್ಲೇ ಸೀರೆಯ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿ, ಇದಕ್ಕೆ ಒಪ್ಪುವ ಕುಬಸದ ಖಣ ತೆಗೆದಿಡಿ ಎನ್ನುತ್ತಾರೆ. ಒಮ್ಮೆ ಸವದತ್ತಿಯ ಒಬ್ಬ ಹೆಣ್ಣುಮಗಳು ಕಳಿಸಿದ ಸೀರೆ ನನ್ನ ಫೋನಿನಲ್ಲಿ ದಾಳಿಂಬೆ ಬಣ್ಣಕ್ಕಿತ್ತು. ದಾಳಿಂಬೆ ಖಣವನ್ನೇ ಕಳಿಸಿದೆ. ನಿಜವಾದ ಸೀರೆ ಬದನೆಕಾಯಿ ಬಣ್ಣದ್ದು. ತಂಗಿಯ ಮದುವೆಯಲ್ಲಿ ಅದನ್ನೇ ಉಟ್ಟು, ಆ ಕುಬಸವನ್ನೇ ತೊಟ್ಟು ತಿರುಗಾಡಿದ ಆಕೆ, ಮದುವೆ ಮುಗಿದ ಮೇಲೆ ಖುದ್ದಾಗಿ ಅಂಗಡಿಗೆ ಬಂದು ಮಾತಾಡಿದ ಮಾತು ನಮ್ಮ ಸಾಲಿನ ಕೊನೆಯ ಅಂಗಡಿಯವರೆಗೂ ಕೇಳಿಸಿತ್ತು.

ಅಂದಿನಿಂದ ನಾನು ಒಂದು ಪದ್ಧತಿ ಮಾಡಿದೆ. ಗಿರಿಕುಂಕುಮ ಎಂದು ನಾವು ಕರೆಯುವ ಗಾಢ ಕೆಂಪು ಬಣ್ಣದ ಒಂದು ಖಣದ ಥಾನನ್ನು ಅಂಗೈಯಗಲ ತುಂಡು ಮಾಡಿ, ಖಾಯಂ ಗಿರಾಕಿಗಳಿಗೆಲ್ಲ ಒಂದೊಂದು ಕೊಟ್ಟೆ. ಸೀರೆಯ ಫೋಟೋ ಹೊಡೆಯುವಾಗ ಈ ತುಂಡನ್ನು ಪಕ್ಕದಲ್ಲಿಟ್ಟು ಹೊಡೆಯಬೇಕು. ನನ್ನ ಹತ್ತಿರವೂ ಅದೇ ಥಾನಿನ ತುಂಡಿದೆ. ಫೋಟೋದಲ್ಲಿ ಗಿರಿಕುಂಕುಮ ಗಿರಿಕುಂಕುಮವಾಗಿಯೇ ಕಂಡರೆ ಸೀರೆಯ ಬಣ್ಣವೂ ಖರೆ. ಅದು ಕೇಸರಿಗೋ ಕಂದಿಗೋ ತಿರುಗಿದ್ದರೆ ಸೀರೆಯೂ ಅಷ್ಟೇ ತಿರುಗಿದೆ ಎಂದು ಲೆಕ್ಕ. ಇದಕ್ಕೆ ನಾವು ಸಾಕ್ಷಿ ತುಂಡು ಎನ್ನುತ್ತೇವೆ. ಕಿತ್ತೂರು, ರಾಮದುರ್ಗದ ಮನೆಗಳಲ್ಲೂ ಕುಂಕುಮದ ಡಬ್ಬಿಯ ಕೆಳಗೆ ನನ್ನ ಸಾಕ್ಷಿ ತುಂಡುಗಳಿವೆ. ಒಂದು ತಪ್ಪೂ ಆಗಿಲ್ಲ. ಇಂಥ ಪದ್ಧತಿ ಕಂಡುಹಿಡಿದವನು ತನ್ನ ಸ್ವಂತ ಬೆನ್ನಿಗೆ ಅದನ್ನು ಉಪಯೋಗಿಸದೆ ಇರುತ್ತಾನೆಯೇ?

ಮರುದಿನ ಮುಂಜಾನೆ ಬಿಸಿಲು ಬೀಳುವ ಪಡಸಾಲೆಯಲ್ಲಿ ಅಂಗಿ ಬನಿಯನ್ನು ತೆಗೆದು ಕೂತೆ. ಮಹಾದೇವಿ ಎಡಗೈಯಲ್ಲಿ ಸಾಕ್ಷಿ ತುಂಡನ್ನು ಮಚ್ಚೆಯ ಪಕ್ಕಕ್ಕೆ ಒತ್ತಿ ಹಿಡಿದು, ಬಲಗೈಯಲ್ಲಿ ಫೋಟೋ ಹೊಡೆಯಬೇಕು. ಮೂರು ಫೋನು, ಒಂದೊಂದರಲ್ಲೂ ಮೂರು ಸಲ. ಹೀಗೆ ಮೂರು ದಿನ. ಮಚ್ಚೆ ದಿನದಿಂದ ದಿನಕ್ಕೆ ಬೆಳೆಯುತ್ತಿದೆಯೋ ಹೇಗೆ ಎಂಬುದೂ ತಿಳಿಯಬೇಕಲ್ಲ.

“ಲಗೂ ಮುಗಸ್ರಿ. ನಿಂತ್ರ ಕಣ್ಣಿಗೆ ಕತ್ತಲಿ ಬಂದಂಗ ಆಗಾಕತ್ತೈತಿ,” ಎಂದಳು ಎರಡನೆಯ ದಿನ.

“ಬಿಸಲಿಗೆ ಹಂಗ ಆಗ್ತೈತಿ. ಕೈ ಅಳಗ್ಯಾಡಿಸಬ್ಯಾಡ, ನೆಟ್ಟಗ ಹಿಡಿ,” ಎಂದೆ ನಾನು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಫಲಿತಾಂಶ ನೋಡಿದೆ. ನನ್ನ ಫೋನು ಗಿರಿಕುಂಕುಮವನ್ನು ಟೊಮೆಟೊ ಮಾಡಿತ್ತು. ಅಶ್ವಿನಿಯದು ಅದಕ್ಕೆ ಗುಲಾಬಿ ಬಳಿದಿತ್ತು. ಆಶ್ಚರ್ಯವೆಂದರೆ, ಸೀಳಿದ ಗಾಜಿನ ಮಹಾದೇವಿಯ ಫೋನು ಮಾತ್ರ ಗಿರಿಕುಂಕುಮವನ್ನು ಇದ್ದ ಹಾಗೇ ಹಿಡಿದಿತ್ತು. ನನ್ನ ಕೈಯಲ್ಲಿದ್ದ ತುಂಡನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದೆ. ಒಂದು ನೂಲಿನ ಫರಕಿಲ್ಲ. ಎಂದರೆ ಮಚ್ಚೆ ಕಂದು ಬಣ್ಣದ್ದೇ, ಅಂಚು ಮಸುಕಾಗಿರುವುದೂ ಖರೆ, ಬಂಧುಗಳಿಗೆ ಸುದ್ದಿ ಮುಟ್ಟಿಸುವ ಫೋನೇ ಸತ್ಯವಂತ.

ಮುಳುಗುವವನು ಏನನ್ನಾದರೂ ಹಿಡಿದುಕೊಳ್ಳಲು ನೋಡುತ್ತಾನಲ್ಲ, ನಾನೂ ಆ ಫೋನಿನಲ್ಲಿ ಒಂದು ದೋಷ ಹುಡುಕತೊಡಗಿದೆ. ಸಿಕ್ಕಿತು. ತುಂಡನ್ನು ಒತ್ತಿ ಹಿಡಿದ ಮಹಾದೇವಿಯ ಬೆರಳುಗಳು ಬೆಳ್ಳಗಿದ್ದವು. ಉಗುರಂತೂ ಸುಣ್ಣ ಬಳಿದ ಹಾಗಿತ್ತು. ಅವಳು ಅಂಥ ಬಿಳಿ ಹೆಂಗಸಲ್ಲ. ಮದುವೆಯಲ್ಲಿ ಅವಳ ಕೈಯ ಮೇಲೆ ಅಕ್ಷತೆ ಬಿದ್ದಾಗ ಎಷ್ಟು ಚೆಂದ ಕಂಡಿತ್ತು ಎಂಬುದು ನನಗೆ ಈಗಲೂ ನೆನಪಿದೆ. ಹಾಗಾದರೆ ಈ ಫೋನು ಸುಳ್ಳು ಹೇಳುತ್ತಿದೆ! ಬೆರಳಿನ ವಿಷಯದಲ್ಲಿ ಸುಳ್ಳು ಹೇಳುವುದು ಮಚ್ಚೆಯ ವಿಷಯದಲ್ಲಿ ಯಾಕೆ ಹೇಳಬಾರದು? ಉಳಿದೆರಡು ಫೋನು ತೆಗೆದು ನೋಡಿದೆ. ಅವುಗಳಲ್ಲೂ ಬೆರಳು ಬಿಳಿಚಿಕೊಂಡೇ ಇದ್ದವು. ಮೂರೂ ಫೋನುಗಳು ಜೀವಮಾನದಲ್ಲಿ ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದವು. ನಾನು ಮೂರಕ್ಕೂ ಒಂದೇ ರೋಗ ತಗಲಿದೆ ಎಂದು ತೀರ್ಮಾನಿಸಿದೆ.

ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನ ನನಗೆ ಪರಿಚಯದವನು. ಬೆನ್ನಿನ ಭಾಗ ಅವನಿಗೆ ಕಾಣಬಾರದೆಂದು ಚಿತ್ರವನ್ನು ದೊಡ್ಡದು ಮಾಡಿ, ಖಣ ಮತ್ತು ಬೆರಳಷ್ಟೇ ತೋರುವ ಹಾಗೆ ಹಿಡಿದೆ.

“ಇದು ಬೆರಳು ಬೆಳ್ಳಗ ತೋರಸ್ತೈತಿ. ಇದರ ಕ್ಯಾಮೆರಾ ರಿಪೇರಿ ಮಾಡಿಕೊಡು.”

ಅವನು ನನ್ನ ಮುಖ ನೋಡಿದ. “ಸಾವಕಾರ್ರ, ಬಂದವ್ರೆಲ್ಲಾ ಬೆಳ್ಳಗ ತೋರ್ಸೋ ಫೋನ್ ಕೊಡು ಅಂತಾರ. ಬೆಳ್ಳಗ ತೋರಸ್ತೈತಿ ಅಂತ ತಕರಾರ ತಂದವ್ರು ನೀವ ಮೊದಲ್ನೇದವ್ರು ನೋಡ್ರಿ.” ಹೀಗೆ ಹೇಳಿ ತನ್ನ ಬೆರಳನ್ನೇ ಮುಂದೆ ಹಿಡಿದು, ಮಹಾದೇವಿಯ ಫೋನಿನಲ್ಲೇ ಒಂದು ಫೋಟೋ ಹೊಡೆದ. ಅವನ ಬೆರಳು ಕೆಂಪಗೆ, ಉಗುರು ಗುಲಾಬಿಯಾಗಿ, ಇದ್ದದ್ದು ಇದ್ದ ಹಾಗೆ ಬಂತು. “ಏನಾಗೇತ್ರಿ ಇದಕ್ಕ? ಚೊಲೋ ಐತಲ್ಲ?” ಎಂದ.

“ನಿನ್ನ ಅಂಗಡ್ಯಾಗ ಲೈಟ್ ಚೊಲೋ ಐತಿ,” ಎಂದು ಹೇಳಿ ಫೋನು ಇಸಿದುಕೊಂಡು ಬಂದೆ. ಬಣ್ಣದ ವ್ಯವಹಾರದಲ್ಲಿ ಮೂವತ್ತು ವರ್ಷ ಪಳಗಿದ ಕಣ್ಣು ನನ್ನದು.

ಒಂಬತ್ತನೆಯ ದಿನಕ್ಕೆ ನನಗೆ ತಡೆಯದಾಯಿತು. ಚರ್ಮದ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯಿಸಿದೆ. ಆದರೆ ಬೈಲಹೊಂಗಲದಲ್ಲಿ ತೋರಿಸುವ ಹಾಗಿಲ್ಲ. ಬಟ್ಟೆ ವ್ಯಾಪಾರಿ ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತದ್ದನ್ನು ಒಬ್ಬರು ನೋಡಿದರೆ ಸಾಕು, ನಾಳೆಯಿಂದ ನನ್ನ ಅಂಗಡಿಯ ಸೀರೆಯನ್ನು ಕೋಲಿನಿಂದ ಎತ್ತಿ ನೋಡುತ್ತಾರೆ. ಧಾರವಾಡದಿಂದ ಒಬ್ಬ ಲೇಡಿ ಡಾಕ್ಟರು ಪ್ರತಿ ಗುರುವಾರ ಕಿತ್ತೂರಿಗೆ ಬರುತ್ತಾರೆಂದು ತಿಳಿಯಿತು. ಕಿತ್ತೂರು ಹೆದ್ದಾರಿಯ ಊರು. ಅಲ್ಲಿ ಯಾರು ಯಾರನ್ನು ನೋಡುತ್ತಾರೆ! ಒಬ್ಬನೇ ಹೋಗುವ ಧೈರ್ಯ ನನಗೆ ಇರಲಿಲ್ಲವಾದ್ದರಿಂದ ಮಹಾದೇವಿಯನ್ನೂ ಹೊರಡಿಸಿದೆ.

ಅದು ಕಬ್ಬಿನ ಸುಗ್ಗಿ. ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ದಾರಿ ತುಂಬ ಮೆರವಣಿಗೆ ಹೊರಟಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಟ್ರೇಲರಿನಿಂದ ಒಂದೊಂದು ಗಳ ಕಬ್ಬು ಜಾರಿ ಬಿದ್ದಾಗಲೂ ನನಗೆ ಅಪಶಕುನ. ಡಾಕ್ಟರು ಏನು ಹೇಳಬಹುದು, ಕೊಯ್ಯಬೇಕು ಎನ್ನಬಹುದೇ, ಕೊಯ್ದರೆ ಮಲಗುವುದು ಹೇಗೆ ಎಂದು ನಾನು ಒದ್ದಾಡುತ್ತಿದ್ದೆ. ಪಕ್ಕದಲ್ಲಿ ಮಹಾದೇವಿ ಬಸ್ಸು ಹೊರಟು ಐದು ನಿಮಿಷಕ್ಕೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಗಂಡನ ಜೀವದ ಪ್ರಶ್ನೆ ಬಂದಾಗ ನಿದ್ದೆ ಮಾಡುವ ಹೆಂಡತಿಯನ್ನು ನೋಡಿ ನನಗೆ ಸಿಟ್ಟು ಬಂತು. ಇತ್ತೀಚೆಗೆ ಇವಳಿಗೆ ಎಲ್ಲಿ ಕೂತರೂ ನಿದ್ದೆ, ಮೈಗಳ್ಳತನ ಹೆಚ್ಚಾಗಿದೆ ಎಂದುಕೊಂಡೆ. ಇದನ್ನೂ ಮುಚ್ಚಿಡುವುದಿಲ್ಲ.

ಡಾಕ್ಟರ ಕೋಣೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮಹಾದೇವಿ ಮೆಟ್ಟಿಲ ಕಡೆ ನೋಡಿ ಕೆಳಗಿನ ಬೆಂಚಿನ ಮೇಲೆ ಕೂತಳು. “ನೀವು ಹೋಗಿ ಬರ್ರಿ. ಮೆಟ್ಟಲಾ ಹತ್ತಿದ್ರ ನನಗ ಎದಿ ಬಡಕೋತೈತಿ,” ಎಂದಳು. ಬಡಿದುಕೊಳ್ಳಬೇಕಾದ್ದು ನನ್ನ ಎದೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮೂರು ಫೋನುಗಳಿದ್ದ ಕೈಚೀಲ ಹಿಡಿದು ಮೇಲೆ ಹೋದೆ.

ಡಾಕ್ಟರು ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಅಂಗಿ ತೆಗೆಸಿದರು. ಒಂದು ದೀಪದ ಗಾಜಿನಿಂದ ಬೆನ್ನು ನೋಡಿದರು. ಎಣಿಸಿ ಐದು ಉಸಿರು ಬಿಡುವಷ್ಟು ಹೊತ್ತು. “ಅಂಗಿ ಹಾಕ್ಕೋರಿ,” ಎಂದು ತಮ್ಮ ಕುರ್ಚಿಗೆ ಹೋದರು. ಒಂಬತ್ತು ದಿನದ ಅಂಜಿಕೆಗೆ ಐದು ಉಸಿರು! ನನಗೆ ಅವಮಾನವಾಯಿತು. ಫೋಟೋ ಇವೆ, ದಿನಾಂಕದ ಪ್ರಕಾರ ಇವೆ, ಸಾಕ್ಷಿ ಸಮೇತ ಇವೆ ಎಂದು ಮೂರೂ ಫೋನುಗಳನ್ನು ಮೇಜಿನ ಮೇಲೆ ಹರಡಿದೆ. ಅವರು ಬೇಡ ಎನ್ನಲಾಗದೆ ಸೀಳುಗಾಜಿನ ಫೋನನ್ನು ಕೈಗೆತ್ತಿಕೊಂಡು ಬೆರಳಿನಿಂದ ಸರಿಸುತ್ತ ಹೋದರು. ಸರಿಸುತ್ತಿದ್ದ ಬೆರಳು ನಿಂತಿತು. ಚಿತ್ರವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಮುಖದ ಬಣ್ಣ ಬದಲಾಯಿತು. ಸಿಕ್ಕಿತು, ಅವರಿಗೆ ಏನೋ ಸಿಕ್ಕಿತು ಎಂದು ಮೇಜಿನ ಅಂಚು ಹಿಡಿದುಕೊಂಡೆ.

“ಇದು ಯಾರ ಕೈರಿ?”

“ನನ್ನ ಹೆಂಡತೀದರಿ. ಅದನ್ನ ನೋಡಬ್ಯಾಡ್ರಿ ಮೇಡಮ್ಮರ, ಅದು ಫೋನಿನ ದೋಷ. ಮೂರೂ ಫೋನು ಬೆರಳು ಬೆಳ್ಳಗ ತೋರಸ್ತಾವ. ನೀವು ಖಣದ ಬಣ್ಣ ನೋಡ್ರಿ. ಅದು ಬರೋಬರಿ ಐತಿ.”

“ಖಣದ ಬಣ್ಣ ಬರೋಬರಿ ಅದ?”

“ನೂರಕ್ಕ ನೂರರಿ. ಗಿರಿಕುಂಕುಮ. ಒಂದ ನೂಲಿನ ಫರಕಿಲ್ಲ. ನಾ ಖಣದ ವ್ಯಾಪಾರಿ ಇದ್ದೇನ್ರಿ.”

“ಹಂಗಿದ್ರ ಕೈ ಬಣ್ಣಾನೂ ಬರೋಬರಿನ ಇರಬೇಕಲ್ರಿ?”

ಅವರು ಇದನ್ನು ಜೋರಾಗಿ ಹೇಳಲಿಲ್ಲ. ಬಹಳ ಸಮಾಧಾನದಿಂದಲೇ ಹೇಳಿದರು. ನನ್ನದೇ ಪದ್ಧತಿ, ನನ್ನದೇ ತುಂಡು. ಊರೂರಿಗೆ ಹಂಚಿ, ಹತ್ತು ಜನರ ಮುಂದೆ ಮೀಸೆ ತಿರುವಿ ವಿವರಿಸಿದ ಲೆಕ್ಕ. ಅದರ ಅರ್ಥ ನನಗೆ ಆ ಕ್ಷಣಕ್ಕೆ ಆಯಿತು.

“ಅವ್ರು ಎಲ್ಲಿದ್ದಾರ?”

“ಕೆಳಗ ಕುಂತಾಳರಿ. ಮೆಟ್ಟಲಾ ಹತ್ತಿದ್ರ ಎದಿ ಬಡಕೋತೈತಂತ.”

“ಎಷ್ಟ ದಿವಸದಿಂದ ಹಿಂಗಾಗ್ಲಿಕತ್ತದ?”

ನನಗೆ ಗೊತ್ತಿರಲಿಲ್ಲ. ನನ್ನ ಮಚ್ಚೆಯ ಉದ್ದಗಲ, ಅಂಚು, ಮೂರು ದಿನದ ಬೆಳವಣಿಗೆ, ಯಾವ ಫೋನಿನಲ್ಲಿ ಯಾವ ಬಣ್ಣ, ಎಲ್ಲವೂ ಬಾಯಿಪಾಠವಿತ್ತು. ಇದೊಂದು ಗೊತ್ತಿರಲಿಲ್ಲ. ಹಬ್ಬದ ಕೆಲಸ ಹೆಚ್ಚಿತ್ತು, ಬಿಸಿಲಿತ್ತು ಎಂದು ಏನೋ ತೊದಲಿದೆ. ಡಾಕ್ಟರು ಎದ್ದು, ನನ್ನನ್ನು ದಾಟಿ, ತಾವೇ ಮೆಟ್ಟಿಲಿಳಿದು ಹೋದರು. ನಾನು ಅಂಗಿಯ ಗುಂಡಿಗಳನ್ನು ತಪ್ಪು ಕಾಜಿಗೆ ಹಾಕಿಕೊಳ್ಳುತ್ತ ಅವರ ಹಿಂದೆ ಇಳಿದೆ.

ಮಹಾದೇವಿ ಬೆಂಚಿನ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಡಾಕ್ಟರು ಪಕ್ಕದಲ್ಲೇ ಕೂತು ಕೈ ಹಿಡಿದು ಉಗುರು ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾಲಗೆ ತೋರಿಸಿ ಎಂದರು. ಅವಳು ಗಾಬರಿಯಾಗಿ, “ನನಗಲ್ರಿ ಬಾಯಾರ, ಇವರಿಗೆ ತೋರಸಾಕ ಬಂದೇವಿ,” ಎಂದು ನನ್ನ ಕಡೆ ಕೈ ಮಾಡಿದಳು. ಆ ಕೈ ಬಿಸಿಲಿನಲ್ಲಿ, ಯಾವ ಫೋನೂ ನಡುವೆ ಇಲ್ಲದೆ, ನನ್ನ ಕಣ್ಣೆದುರಿಗೇ ಬೆಳ್ಳಗಿತ್ತು.

ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಟ್ಟು ಒಂದು ತಾಸು ಕೂತೆವು. ಕಾಗದ ಬಂತು. ಡಾಕ್ಟರು ಅದನ್ನು ನೋಡಿ, “ಮೈಯಾಗ ರಕ್ತ ಇರಬೇಕಾದ್ದರಾಗ ಅರ್ಧಾನೂ ಇಲ್ಲ. ಇಷ್ಟ ಇಟಗೊಂಡು ಇವ್ರು ಮನಿಕೆಲಸ ಹೆಂಗ ಮಾಡ್ಯಾರ?” ಎಂದರು. ಪ್ರಶ್ನೆ ನನಗೇ. ಆಮೇಲೆ, “ಅಂಜಬ್ಯಾಡ್ರಿ, ಔಷಧದಿಂದ ರಕ್ತ ಏರತದ. ಆದ್ರ ಅದು ಎಲ್ಲಿ ಸೋರಿ ಹೋಗ್ಲಿಕತ್ತದ ಅಂತ ಮೊದಲ ಹುಡಕಬೇಕು. ನಾಳೆನ ಧಾರವಾಡಕ್ಕ ಕರಕೊಂಡ ಹೋಗ್ರಿ,” ಎಂದು ಅಲ್ಲಿಯ ದೊಡ್ಡ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು.

ಅಂಜಬೇಡಿ ಎಂದು ನನಗೆ ಜೀವಮಾನದಲ್ಲಿ ಎಷ್ಟೋ ಡಾಕ್ಟರು ಹೇಳಿದ್ದಾರೆ. ಆಗೆಲ್ಲ ನಾನು ಮತ್ತಷ್ಟು ಗದ್ದಲ ಮಾಡಿ, ನಾಲ್ಕು ಜನರನ್ನು ಎಬ್ಬಿಸಿ ಕೂರಿಸಿದ್ದೇನೆ. ಈ ಸಲ ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಗಿಸೆಯಲ್ಲಿ ಇಟ್ಟುಕೊಂಡೆ. ಇಷ್ಟು ವರ್ಷ ನಾನು ಅಂಜಿಕೆ ಎಂದುಕೊಂಡದ್ದು ಬರೀ ರಗಳೆ, ಅಂಜಿಕೆ ಎಂದರೆ ಇದು ಎಂದು ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ತಿಳಿಯಿತು. ಅವಳಿಲ್ಲದ ಮನೆಯನ್ನು ಒಂದು ಗಳಿಗೆ ಕಲ್ಪಿಸಿಕೊಂಡೆ. ಎರಡನೆಯ ಗಳಿಗೆ ಕಲ್ಪಿಸಲು ಆಗಲಿಲ್ಲ. ಗೊತ್ತಿಲ್ಲದೆಯೇ ಅವಳ ಕೈ ಹಿಡಿದುಕೊಂಡಿದ್ದೆ. “ಬಿಡ್ರಿ, ಮಂದಿ ನೋಡಾಕತ್ತಾರ,” ಎಂದಳು. ನಾನು ಬಿಡಲಿಲ್ಲ. ಕೈ ತಣ್ಣಗಿತ್ತು.

ಬಸ್ಸು ಬಂತು. ಅದಕ್ಕೆ ಮೂರು ಮೆಟ್ಟಿಲಿದ್ದವು. ಜನ್ಮವೆಲ್ಲ ಬಸ್ಸು ಹತ್ತಿದ ನಾನು ಅವುಗಳನ್ನು ಎಣಿಸಿದ್ದು ಅದೇ ಮೊದಲು. ಅವಳ ಹಿಂದೆ ನಿಂತು, ಒಂದೊಂದು ಮೆಟ್ಟಿಲಿಗೂ ಅವಳು ತಡೆದು ಉಸಿರು ತೆಗೆದುಕೊಳ್ಳುವುದನ್ನು ನೋಡಿದೆ. ಕಂಡಕ್ಟರ್ “ಲಗೂ ಹತ್ರಿ ಯಕ್ಕಾರ” ಎಂದದ್ದಕ್ಕೆ ನಾನು ಅವನ ಮೇಲೆ ಹರಿಹಾಯ್ದೆ. ಅವನು ಕಂಗಾಲಾದ. ಅಷ್ಟು ಜೋರಾಗಿ ಬೈಯಬೇಕಾದ ಮನುಷ್ಯ ಅವನಲ್ಲ ಎಂಬುದು ನನಗೆ ಗೊತ್ತಿತ್ತು.

ಕಿಟಕಿಯ ಪಕ್ಕ ಕೂತು ಸೆರಗು ಸರಿಮಾಡಿಕೊಂಡ ಮೇಲೆ ಮಹಾದೇವಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ನಿಜವಾದ ಕಾಳಜಿ ಇತ್ತು.

“ಅಲ್ರಿ, ನಿಮ್ಮ ಬೆನ್ನಿಂದು ಏನಂದ್ರು ಬಾಯಾರು?”

ನಾನು ಬಾಯಿ ತೆರೆದೆ. ಏನಂದರು? ಅಂಗಿ ಹಾಕ್ಕೋರಿ ಅಂದರು. ಅದು ಏನೂ ಇಲ್ಲ ಎಂಬ ಅರ್ಥದ ಅಂಗಿಯೋ, ಇನ್ನು ಮಾಡುವುದೇನೂ ಉಳಿದಿಲ್ಲ ಎಂಬ ಅರ್ಥದ ಅಂಗಿಯೋ, ನಾನು ಕೇಳಿರಲಿಲ್ಲ.

“ಏನೂ ಇಲ್ಲಂತ,” ಎಂದೆ.

“ನಾ ಮೊದಲ ಹೇಳಿದ್ದಿಲ್ಲಾ?” ಎಂದು ಅವಳು ಗೆದ್ದವಳ ಹಾಗೆ ಒಂದು ನಗೆ ನಕ್ಕು, ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಈ ಸಲ ಅವಳ ನಿದ್ದೆ ಕೆಡಬಾರದೆಂದು ನಾನು ಬೈಲಹೊಂಗಲ ಬರುವವರೆಗೆ ಹೆಗಲು ಅಲುಗಿಸಲಿಲ್ಲ.

ಅಂದಿನಿಂದ ನಾಲ್ಕು ಸಲ ಧಾರವಾಡಕ್ಕೆ ಹೋಗಿ ಬಂದಿದ್ದೇವೆ. ಪರೀಕ್ಷೆಗಳು ಇನ್ನೂ ನಡೆದಿವೆ. ಸೋಮವಾರ ಮತ್ತೆ ಹೋಗಬೇಕು. ನನ್ನ ಮಚ್ಚೆ ಅಲ್ಲೇ ಇದೆಯೋ, ಅಡಿಕೆಯಷ್ಟಾಗಿದೆಯೋ ಗೊತ್ತಿಲ್ಲ, ಯಾರೂ ಫೋಟೋ ಹೊಡೆದಿಲ್ಲ. ದಾರಿಯಲ್ಲಿ ಎಂಟು ಸಲ ಕಿತ್ತೂರು ದಾಟಿದ್ದೇನೆ. ಅದರಲ್ಲಿ ಗುರುವಾರವೂ ಬಂದಿತ್ತು. ಇಳಿದು, ಆ ಡಾಕ್ಟರನ್ನು ಕಂಡು, ನನ್ನದು ಏನೆಂದು ಕೇಳಬಹುದಿತ್ತು. ಅಂಜುಬುರುಕ, ಕೇಳಲು ಹೆದರಿದ್ದಾನೆ ಎಂದು ನೀವು ತಿಳಿದೀರಿ. ಹಾಗೇನಿಲ್ಲ. ಪ್ರತಿ ಸಲವೂ ಊರು ದಾಟಿ ಬಹಳ ದೂರ ಬಂದ ಮೇಲೆ ನೆನಪಾಗುತ್ತದೆ.